ಹೊಂಬೆನ್ನಿನ ಮರಕುಟಿಗ ಯಾವುದು? ಬೆನ್ನಲ್ಲ, ಕತ್ತು ನೋಡಿ

ಪ್ರಶ್ನೆ: ನಾನು ಕೊಡಗಿನಲ್ಲಿದ್ದೇನೆ. ನಮ್ಮ ಕಾಫಿ ತೋಟದ ನೆರಳಿನ ಮರಗಳಿಗೆ ಹೊಂಬಣ್ಣದ ಬೆನ್ನಿನ ಮರಕುಟಿಗಗಳು ಬರುತ್ತವೆ. ಈ ಸಲ ಎರಡು ಹಕ್ಕಿಗಳ ಫೋಟೊ ಸಿಕ್ಕಿತು, ಜೊತೆಗೆ ಕಳಿಸಿದ್ದೇನೆ. ಮೊದಲನೆಯದರ ತಲೆ, ಜುಟ್ಟು ಎಲ್ಲ ಕಪ್ಪು, ಅದರ ಮೇಲೆ ಬಿಳಿ ಗುರುತುಗಳು. ಕೆನ್ನೆಯಲ್ಲಿ ಕಪ್ಪು ಗೆರೆ ಇದೆ. ಕಾಲಿನಲ್ಲಿ ಮೂರೇ ಬೆರಳು ಕಾಣುತ್ತವೆ. ಎರಡನೆಯದು ಕೆಂಪು ಜುಟ್ಟಿನ ಹಕ್ಕಿ. ಎತ್ತರದ ಕೊಂಬೆಯಲ್ಲಿತ್ತು, ಹಿಂದೆ ಬರೀ ಆಕಾಶ. ಅದರ ಬೆನ್ನು ಇನ್ನೂ ಕೆಂಪಾಗಿದೆ. ಮೊಬೈಲ್ ಆ್ಯಪ್ ಎರಡನ್ನೂ ಬ್ಲ್ಯಾಕ್‌-ರಂಪ್ಡ್ ಫ್ಲೇಮ್‌ಬ್ಯಾಕ್ ಎಂದಿತು. ಸ್ನೇಹಿತರೊಬ್ಬರು, ಮೂರು ಬೆರಳು ಅಂದರೆ ಕಾಮನ್ ಫ್ಲೇಮ್‌ಬ್ಯಾಕೇ ಎಂದರು. ಇನ್ನೊಬ್ಬರು ಹಿಮಾಲಯನ್ ಇರಬಹುದು ಎಂದರು. ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ಗೆ ಹಾಕಬೇಕು ಅಂತಿದ್ದೇನೆ, ಆದರೆ ತಪ್ಪು ಹೆಸರು ಹಾಕಲು ಮನಸ್ಸಿಲ್ಲ. ಅದರ ಕೂಗನ್ನೇ ಮೊಬೈಲ್‌ನಲ್ಲಿ ಹಾಕಿ ಹತ್ತಿರ ಕರೆಸಿಕೊಂಡು ಫೋಟೊ ತೆಗೆಯಬಹುದೇ?

ಉತ್ತರ: ನಿಮಗೆ ಮೊದಲು ಬೇಕಾದದ್ದು ಹೆಸರು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಮೊದಲನೆಯ ಹಕ್ಕಿ ಗ್ರೇಟರ್ ಫ್ಲೇಮ್‌ಬ್ಯಾಕ್, ಹೆಣ್ಣು. ಪಶ್ಚಿಮ ಘಟ್ಟದ ಈ ಹಕ್ಕಿಯನ್ನು ಕೆಲವು ಪಟ್ಟಿಗಳು ಬೇರೆ ಜಾತಿ ಎಂದು ಎಣಿಸಿ ಮಲಬಾರ್ ಫ್ಲೇಮ್‌ಬ್ಯಾಕ್ ಎನ್ನುತ್ತವೆ. ಎರಡನೆಯ ಹಕ್ಕಿಗೆ ಆ ಒಂದು ಫೋಟೊ ನೋಡಿ ನಾನು ಹೆಸರು ಕೊಡುವುದಿಲ್ಲ. ಕೊಡಬಾರದು ಕೂಡ. ನಿಮ್ಮ ಆ್ಯಪ್, ನಿಮ್ಮ ಸ್ನೇಹಿತರು ಯಾಕೆ ಬೇರೆ ಬೇರೆ ಉತ್ತರ ಕೊಟ್ಟರು ಎಂದು ಅರ್ಥವಾದರೆ ಮುಂದಿನ ಸಲ ನೀವೇ ಗುರುತಿಸುತ್ತೀರಿ.

ಹಕ್ಕಿ ದಾಖಲೆಗಳ ಫೋಟೊ ಪರಿಶೀಲಿಸುವ ಕೆಲಸದಲ್ಲಿ ಈ ಗುಂಪು ನನ್ನ ಮುಂದೆ ಮತ್ತೆ ಮತ್ತೆ ಬರುತ್ತದೆ. ತಪ್ಪುಗಳು ಹೆಚ್ಚಾಗಿ ಒಂದೇ ಕಡೆ ಆಗುತ್ತವೆ. ನಮ್ಮ ಕಣ್ಣು ಮೊದಲು ಹೋಗುವುದು ಆ ಹೊಳೆಯುವ ಬೆನ್ನಿಗೆ. ಆದರೆ ನಮ್ಮ ಕಡೆಯ ನಾಲ್ಕೂ ಹೊಂಬೆನ್ನಿನ ಜಾತಿಗಳಲ್ಲಿ ಒಂದೇ ಥರ ಇರುವುದು ಅದೇ ಬೆನ್ನು. ವ್ಯತ್ಯಾಸ ಇರುವುದು ಕತ್ತಿನ ಹಿಂಭಾಗದಲ್ಲಿ, ಬಾಲದ ಬುಡದಲ್ಲಿ, ಮುಖದಲ್ಲಿ.

ದಕ್ಷಿಣ ಭಾರತದಲ್ಲಿ ನಾವು ಬೇರೆ ಮಾಡಬೇಕಾದ ಹೊಂಬೆನ್ನಿನ ಮರಕುಟಿಗಗಳು ನಾಲ್ಕು. ಬ್ಲ್ಯಾಕ್‌-ರಂಪ್ಡ್ ಫ್ಲೇಮ್‌ಬ್ಯಾಕ್ ಊರಲ್ಲಿ, ತೆಂಗಿನ ತೋಟದಲ್ಲಿ, ರಸ್ತೆಬದಿಯ ಮರಗಳಲ್ಲಿ ಎಲ್ಲರೂ ನೋಡಿರುವ ಹಕ್ಕಿ. ಕಾಮನ್ ಫ್ಲೇಮ್‌ಬ್ಯಾಕ್ ಹೆಸರಿಗೆ ಕಾಮನ್, ಇಲ್ಲಿ ಅದು ಘಟ್ಟದ ತೇವದ ಕಾಡಿನ ಹಕ್ಕಿ. ಗ್ರೇಟರ್ ಕೂಡ ಕಾಡಿನದೇ, ದೊಡ್ಡ ಮರಗಳಿರುವ ಕಾಫಿ ತೋಟಗಳಿಗೂ ಬರುತ್ತದೆ. ನಾಲ್ಕನೆಯದು ವೈಟ್‌-ನೇಪ್ಡ್ ವುಡ್‌ಪೆಕರ್, ಒಣ ಎಲೆಯುದುರುವ ಕಾಡು ಮತ್ತು ಕುರುಚಲು ಕಾಡಿನದು. ಕೊಡಗಿನ ಪಶ್ಚಿಮದ ಮಳೆಕಾಡಿಗಿಂತ ಪೂರ್ವದ ಒಣ ಭಾಗದಲ್ಲಿ ಅದನ್ನು ನಿರೀಕ್ಷಿಸಬೇಕು.

ಇನ್ನು ಎರಡೇ ಜಾಗ ನೋಡಿ. ಹಿಂಗತ್ತಿನ ಬಣ್ಣ ಏನು, ಬಾಲದ ಬುಡದ ಬಣ್ಣ ಏನು. ಬಾಲದ ಬುಡ ಅಂದರೆ ಬೆನ್ನು ಮುಗಿದು ಬಾಲ ಶುರುವಾಗುವ ಮುಂಚಿನ ಭಾಗ. ಕತ್ತು ಕಪ್ಪು, ಬುಡ ಕಪ್ಪು ಇದ್ದರೆ ಬ್ಲ್ಯಾಕ್‌-ರಂಪ್ಡ್. ಕತ್ತು ಕಪ್ಪು, ಬುಡ ಕೆಂಪು ಇದ್ದರೆ ಕಾಮನ್. ಕತ್ತು ಬಿಳಿ, ಬುಡ ಕೆಂಪು ಇದ್ದರೆ ಗ್ರೇಟರ್. ಕತ್ತು ಬಿಳಿ, ಬುಡ ಕಪ್ಪು ಇದ್ದರೆ ವೈಟ್‌-ನೇಪ್ಡ್. ಎರಡು ಗುರುತು, ನಾಲ್ಕು ಜಾತಿ, ಒಂದೂ ಉಳಿಯುವುದಿಲ್ಲ. ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಆದರೆ ಒಂದು ತೊಡಕಿದೆ. ಮರಕುಟಿಗ ಕಾಂಡಕ್ಕೆ ಅಂಟಿ ಕೂತಾಗ ಮಡಚಿದ ರೆಕ್ಕೆಗಳು ಬಾಲದ ಬುಡವನ್ನು ಪೂರ್ತಿ ಮುಚ್ಚಿಬಿಡುತ್ತವೆ. ನಿಮ್ಮ ಎರಡೂ ಫೋಟೊಗಳಲ್ಲಿ ಆಗಿರುವುದು ಅದೇ. ಬುಡದಲ್ಲಿ ಕೆಂಪು ಕಾಣಲಿಲ್ಲ ಅಂದ ಮಾತ್ರಕ್ಕೆ ಕೆಂಪು ಇಲ್ಲ ಎಂದಲ್ಲ, ಅಲ್ವಾ? ಅಲ್ಲಿ ಏನೂ ಕಾಣುತ್ತಿಲ್ಲ, ಅಷ್ಟೇ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಮರಕುಟಿಗ ಗುರುತಿಸುವಾಗ ಅರ್ಧಕ್ಕರ್ಧ ತಪ್ಪು ಹುಟ್ಟುವುದು "ಕಾಣಲಿಲ್ಲ" ಎಂಬುದನ್ನು "ಇಲ್ಲ" ಎಂದು ಓದಿಕೊಳ್ಳುವುದರಿಂದ.

ನಿಮ್ಮ ಸ್ನೇಹಿತರ ಬೆರಳಿನ ಮಾತಿಗೂ ಇದೇ ಉತ್ತರ. ಅವರು ಹೇಳಿದ್ದರಲ್ಲಿ ಸತ್ಯ ಇದೆ. ಕಾಮನ್ ಫ್ಲೇಮ್‌ಬ್ಯಾಕ್‌ಗೆ ಒಂದು ಕಾಲಿಗೆ ಮೂರೇ ಬೆರಳು, ಉಳಿದ ಮೂರು ಜಾತಿಗಳಿಗೆ ನಾಲ್ಕು. ಆದರೆ ಬೆರಳಿನ ಸಾಕ್ಷಿ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಫೋಟೊದಲ್ಲಿ ನಾಲ್ಕು ಬೆರಳು ಸ್ಪಷ್ಟವಾಗಿ ಕಂಡರೆ ಅದು ಕಾಮನ್ ಅಲ್ಲ, ಮಾತು ಮುಗಿಯಿತು. ಮೂರು ಕಂಡರೆ? ನಾಲ್ಕನೆಯದು ತೊಗಟೆಯ ಬಿರುಕಿನಲ್ಲಿರಬಹುದು, ಹೊಟ್ಟೆಯ ಗರಿಯ ಕೆಳಗಿರಬಹುದು. ಮರ ಹತ್ತುವಾಗ ಮರಕುಟಿಗಗಳು ಹೊರಗಿನ ಹಿಂಬೆರಳನ್ನು ಪಕ್ಕಕ್ಕೆ ಚಾಚುತ್ತವೆ. ಕೋನ ಸರಿಯಿಲ್ಲದಿದ್ದರೆ ಅದು ಪಕ್ಕದ ಬೆರಳಿನ ಹಿಂದೆ ಮರೆಯಾಗುತ್ತದೆ. ನಿಮ್ಮ ಮೊದಲ ಫೋಟೊದಲ್ಲಿ ಕಾಲು ಪಾಚಿಯೊಳಗೆ ಹೂತಿದೆ. ಅಲ್ಲಿ ಮೂರು ಎಂದು ಎಣಿಸಿದ್ದಕ್ಕೆ ಬೆಲೆ ಇಲ್ಲ.

ಬೆನ್ನಿನ ಕೆಂಪಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಜಾಸ್ತಿ ಕೆಂಪು ಇದ್ದರೆ ಬೇರೆ ಜಾತಿ ಎಂಬ ನಂಬಿಕೆ ಎಲ್ಲ ಕಡೆ ಇದೆ. ನಮ್ಮ ಕಡೆ ಅದು ನಿಲ್ಲುವುದಿಲ್ಲ. ಒಂದೇ ಜಾತಿಯಲ್ಲಿ ಹಳದಿ ಹೊನ್ನಿನಿಂದ ಕಿತ್ತಳೆ, ಕೆಂಪು ಮಿಶ್ರಿತ ಹೊನ್ನಿನವರೆಗೂ ಬೆನ್ನುಗಳಿವೆ. ಹೊಸ ಗರಿಗೂ ಸವೆದ ಗರಿಗೂ ವ್ಯತ್ಯಾಸ ಇರುತ್ತದೆ. ಸಂಜೆಯ ಬಿಸಿಲು ಬಿದ್ದರೆ ಎಲ್ಲವೂ ಕೆಂಪೇ. ಕ್ಯಾಮೆರಾ ತಾನಾಗಿ ಬಣ್ಣ ಸರಿಹೊಂದಿಸುವಾಗ ಇನ್ನಷ್ಟು ಬದಲಾಗುತ್ತದೆ. ಬೆನ್ನಿನ ಬಣ್ಣವನ್ನು ಟಿಪ್ಪಣಿಯಲ್ಲಿ ಬರೆದಿಡಿ, ಅದರ ಮೇಲೆ ತೀರ್ಮಾನ ಮಾತ್ರ ಬೇಡ.

ಹಿಮಾಲಯನ್ ಫ್ಲೇಮ್‌ಬ್ಯಾಕ್ ಹಿಮಾಲಯದ ತಪ್ಪಲಿನ ಕಾಡಿನ ಹಕ್ಕಿ, ಪಶ್ಚಿಮ ಘಟ್ಟದ್ದಲ್ಲ. ನೋಡಲು ಕಾಮನ್ ಥರವೇ ಇರುವುದರಿಂದ ಅಂತರ್ಜಾಲದ ಚಿತ್ರಗಳ ಜೊತೆ ಹೋಲಿಸುವಾಗ ಈ ಹೆಸರು ಬಂದುಬಿಡುತ್ತದೆ. ಕೊಡಗಿನಲ್ಲಿ ಅದನ್ನು ಲೆಕ್ಕಕ್ಕೆ ತಗೊಳ್ಳಬೇಕಿಲ್ಲ.

ಗಾತ್ರವೂ ಮೋಸ ಮಾಡುತ್ತದೆ. ಬ್ಲ್ಯಾಕ್‌-ರಂಪ್ಡ್ ಸುಮಾರು 26ರಿಂದ 29 ಸೆಂ.ಮೀ., ಕಾಮನ್ 28ರಿಂದ 30, ವೈಟ್‌-ನೇಪ್ಡ್ 29ರ ಹತ್ತಿರ, ಗ್ರೇಟರ್ 33ರ ಆಸುಪಾಸು. ಪುಸ್ತಕದಲ್ಲಿ ಈ ಅಂತರ ದೊಡ್ಡದಾಗಿ ಕಾಣುತ್ತದೆ. ಇಪ್ಪತ್ತು ಮೀಟರ್ ಎತ್ತರದ ಕೊಂಬೆಯಲ್ಲಿ ಒಂಟಿಯಾಗಿ ಕೂತ ಹಕ್ಕಿಯಲ್ಲಿ ನಾಲ್ಕು ಸೆಂ.ಮೀ. ವ್ಯತ್ಯಾಸವನ್ನು ಯಾರ ಕಣ್ಣೂ ಅಳೆಯಲಾರದು. ಎರಡು ಜಾತಿ ಒಂದೇ ಮರದಲ್ಲಿ ಸಿಕ್ಕರೆ ಮಾತ್ರ ಗಾತ್ರ ನಂಬಬಹುದು.

ಗಾತ್ರದ ಬದಲು ಅನುಪಾತ ನೋಡಿ. ಗ್ರೇಟರ್‌ನ ಕೊಕ್ಕು ಉದ್ದ, ನೇರ, ದಪ್ಪ ಬುಡದ್ದು, ಹೆಚ್ಚುಕಡಿಮೆ ತಲೆಯಷ್ಟೇ ಉದ್ದ. ಕಾಮನ್‌ನ ಕೊಕ್ಕು ತಲೆಗಿಂತ ಗಿಡ್ಡ, ಮೇಲಿನ ಅಂಚು ಸ್ವಲ್ಪ ಬಾಗಿದ ಹಾಗೆ. ಇದು ದೂರದಿಂದಲೂ ಉಳಿಯುವ ಗುರುತು. ನೆರಳುಚಿತ್ರದಲ್ಲೂ ಕಾಣುತ್ತದೆ, ಆದರೆ ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರಬೇಕು. ನಿಮ್ಮ ಎರಡನೆಯ ಹಕ್ಕಿ ಅರೆಬರೆ ನಮ್ಮ ಕಡೆ ತಿರುಗಿದೆ, ಹಾಗಾಗಿ ಕೊಕ್ಕು ಗಿಡ್ಡ ಎಂದು ಅನಿಸುವುದಕ್ಕೂ ಅರ್ಥವಿಲ್ಲ.

ಮುಖಕ್ಕೆ ಬರೋಣ. ಬಾಲದ ಬುಡ ಮುಚ್ಚಿದ್ದರೂ ಮುಖ ಸಾಮಾನ್ಯವಾಗಿ ಸಿಗುತ್ತದೆ.

ಬ್ಲ್ಯಾಕ್‌-ರಂಪ್ಡ್ ಹಕ್ಕಿಯ ಗಂಟಲು ಕಪ್ಪು, ಅದರಲ್ಲಿ ಸಣ್ಣ ಬಿಳಿ ಗುರುತುಗಳು. ಬೇರೆಯಾಗಿ ಎದ್ದು ಕಾಣುವ ಮೀಸೆ ಗೆರೆ, ಅಂದರೆ ಕೊಕ್ಕಿನ ಬುಡದಿಂದ ಕೆನ್ನೆಯಲ್ಲಿ ಇಳಿಯುವ ಕಪ್ಪು ಗೆರೆ, ಇಲ್ಲ. ಕೊಕ್ಕಿನ ಕೆಳಗಿನಿಂದ ಎದೆಯವರೆಗೆ ಒಂದೇ ಕಪ್ಪು ಹರಿದಂತೆ ಇರುತ್ತದೆ. ಹೆಗಲಿನ ಹತ್ತಿರ ರೆಕ್ಕೆಯ ಕಪ್ಪು ಭಾಗದಲ್ಲಿ ಬಿಳಿ ಚುಕ್ಕೆಗಳೂ ಚೆನ್ನಾಗಿ ಕಾಣುತ್ತವೆ. ಜನ ಈ ಹೆಗಲಿನ ಚುಕ್ಕೆಗಳನ್ನು ನೋಡುವುದೇ ಇಲ್ಲ, ಪಕ್ಕದಿಂದ ತೆಗೆದ ಫೋಟೊದಲ್ಲಿ ಎಷ್ಟೋ ಸಲ ಅವೇ ಕೈಹಿಡಿಯುತ್ತವೆ. ಕಾಮನ್ ಮತ್ತು ಗ್ರೇಟರ್ ಎರಡಕ್ಕೂ ಮೀಸೆ ಗೆರೆ ಇದೆ. ಕಾಮನ್‌ನಲ್ಲಿ ಅದು ನೋಡಲು ಒಂದೇ ದಪ್ಪ ಗೆರೆ. ಗ್ರೇಟರ್‌ನಲ್ಲಿ ಕೊಕ್ಕಿನ ಬುಡದಿಂದ ಹೊರಟ ಗೆರೆ ಎರಡಾಗಿ ಸೀಳಿ, ಮಧ್ಯೆ ಬಿಳಿ ಜಾಗ ಬಿಟ್ಟು, ಕೆಳಗೆ ಮತ್ತೆ ಕೂಡುತ್ತದೆ. ನಿಮ್ಮ ಮೊದಲ ಫೋಟೊವನ್ನು ದೊಡ್ಡದು ಮಾಡಿ ಕೆನ್ನೆ ನೋಡಿ. ನೀವು "ಕಪ್ಪು ಗೆರೆ" ಎಂದು ಬರೆದದ್ದು ಒಂದಲ್ಲ, ಎರಡು ಗೆರೆ. ಮಧ್ಯದ ಬಿಳಿ ಸ್ಪಷ್ಟವಾಗಿದೆ.

ಈ ಗುರುತಿಗೂ ಒಂದು ಎಚ್ಚರಿಕೆ ಬೇಕು. ಫೋಟೊ ಅಸ್ಪಷ್ಟವಾಗಿದ್ದರೆ ಅಥವಾ ನೆರಳು ಬಿದ್ದಿದ್ದರೆ ಎರಡು ಗೆರೆ ಸೇರಿ ಒಂದಾಗಿ ಕಾಣುತ್ತವೆ. ಸೀಳು ಕಂಡರೆ ನಂಬಿ, ಕಾಣದಿದ್ದರೆ ತೀರ್ಮಾನಿಸಬೇಡಿ. ವೈಟ್‌-ನೇಪ್ಡ್‌ಗೂ ಇಂಥದೇ ಸೀಳು ಮೀಸೆ ಇದೆ. ಅದರ ಹಿಂಗತ್ತಿನ ಬಿಳಿ ಮಾತ್ರ ಇನ್ನೂ ದೊಡ್ಡದು, ಕತ್ತಿನಿಂದ ಬೆನ್ನಿನ ಮೇಲ್ಭಾಗದವರೆಗೆ ಇಳಿದು ಮೂಲೆಯಾಗಿ ಮುಗಿಯುತ್ತದೆ. ಅದರ ಎರಡು ಬದಿಗೂ ಕಪ್ಪು ಇರುವುದರಿಂದ ಬೆನ್ನಿನ ಮೇಲೆ ಕಪ್ಪಿನ ವಿ ಆಕಾರ ಮೂಡುತ್ತದೆ. ಒಮ್ಮೆ ನೋಡಿದರೆ ಮತ್ತೆ ತಪ್ಪುವುದಿಲ್ಲ.

ಕಣ್ಣೂ ಸಹಾಯ ಮಾಡುತ್ತದೆ. ಬೆಳೆದ ಗ್ರೇಟರ್‌ನ ಕಣ್ಣು ತಿಳಿ ಬಣ್ಣದ್ದು, ಬಿಳಿಹಳದಿ. ಬ್ಲ್ಯಾಕ್‌-ರಂಪ್ಡ್ ಮತ್ತು ಕಾಮನ್ ಹಕ್ಕಿಗಳ ಕಣ್ಣು ಗಾಢ. ನಿಮ್ಮ ಮೊದಲ ಹಕ್ಕಿಯ ಕಣ್ಣು ತಿಳಿಯಾಗಿದೆ, ಇದು ಗಟ್ಟಿ ಸಾಕ್ಷಿ. ಆದರೆ ಗ್ರೇಟರ್‌ನ ಮರಿ ಹಕ್ಕಿಗಳ ಕಣ್ಣು ಕಂದು. ಅಂದರೆ ಗಾಢ ಕಣ್ಣು ಕಂಡ ತಕ್ಷಣ ಗ್ರೇಟರ್ ಅಲ್ಲ ಎನ್ನುವಂತಿಲ್ಲ.

ಹೆಣ್ಣು ಹಕ್ಕಿ ಸಿಕ್ಕಿದ್ದು ನಿಮ್ಮ ಅದೃಷ್ಟ. ಗಂಡುಗಳಿಗೆಲ್ಲ ಕೆಂಪು ಜುಟ್ಟು, ಅದರಿಂದ ಜಾತಿ ಗೊತ್ತಾಗುವುದಿಲ್ಲ. ಹೆಣ್ಣುಗಳ ತಲೆ ನಾಲ್ಕರಲ್ಲೂ ಬೇರೆ ಬೇರೆ. ಬ್ಲ್ಯಾಕ್‌-ರಂಪ್ಡ್ ಹೆಣ್ಣಿನ ಮುಂದಲೆ ಕಪ್ಪು, ಬಿಳಿ ಚುಕ್ಕೆ, ಹಿಂದಿನ ಜುಟ್ಟು ಕೆಂಪು. ಕಾಮನ್ ಹೆಣ್ಣಿನ ತಲೆ ಜುಟ್ಟಿನ ತನಕ ಕಪ್ಪು, ಅದರಲ್ಲಿ ಬಿಳಿ ಗೀರುಗಳು. ಗ್ರೇಟರ್ ಹೆಣ್ಣಿನದೂ ಪೂರ್ತಿ ಕಪ್ಪು, ಆದರೆ ಗೀರಲ್ಲ, ದುಂಡನೆಯ ಬಿಳಿ ಚುಕ್ಕೆಗಳು. ವೈಟ್‌-ನೇಪ್ಡ್ ಹೆಣ್ಣಿನ ನೆತ್ತಿ ಹಳದಿ. ನಿಮ್ಮ ಹಕ್ಕಿಯ ಜುಟ್ಟಿನಲ್ಲಿ ಎಲ್ಲೂ ಕೆಂಪಿಲ್ಲ, ಹಾಗಾಗಿ ಆ್ಯಪ್ ಕೊಟ್ಟ ಹೆಸರು ಅಲ್ಲೇ ಬಿದ್ದುಹೋಗುತ್ತದೆ. ತಲೆಯ ಮೇಲಿರುವುದು ದುಂಡು ಚುಕ್ಕೆ, ಹಾಗಾಗಿ ಕಾಮನ್ ಕೂಡ ಅಲ್ಲ. ಹಿಂಗತ್ತಿನ ಸ್ವಲ್ಪ ಭಾಗ ನೆರಳಿನಲ್ಲಿದ್ದರೂ ಅಲ್ಲಿ ಬಿಳಿ ಇಣುಕುತ್ತಿದೆ. ಚುಕ್ಕೆ, ಸೀಳು ಮೀಸೆ, ತಿಳಿ ಕಣ್ಣು, ಉದ್ದ ಕೊಕ್ಕು, ಬಿಳಿ ಕತ್ತು ಎಲ್ಲವೂ ಒಂದೇ ಹೆಸರು ಹೇಳುತ್ತಿವೆ. ಬಾಲದ ಬುಡ ಕಾಣದಿದ್ದರೂ ನಾನು ಧೈರ್ಯವಾಗಿ ಗ್ರೇಟರ್ ಎಂದದ್ದು ಇದಕ್ಕೇ.

ಇಷ್ಟು ಒಂದೇ ಥರ ಯಾಕಿವೆ ಎಂದು ನೀವು ಕೇಳಿಲ್ಲ, ಆದರೆ ಇದು ನನಗೆ ತುಂಬ ಇಷ್ಟದ ವಿಷಯ. ನೋಡಿದರೆ ನಾಲ್ಕೂ ಹತ್ತಿರದ ನೆಂಟರು ಎನಿಸುತ್ತದೆ. ಹಾಗಲ್ಲ. ಬ್ಲ್ಯಾಕ್‌-ರಂಪ್ಡ್ ಮತ್ತು ಕಾಮನ್ ಡೈನೋಪಿಯಮ್ ಎಂಬ ಕುಲದವು. ಗ್ರೇಟರ್ ಮತ್ತು ವೈಟ್‌-ನೇಪ್ಡ್ ಕ್ರೈಸೊಕೊಲಾಪ್ಟಿಸ್ ಕುಲದವು. ಈ ಎರಡನೆಯ ಕುಲಕ್ಕೆ ನಿಜವಾಗಿ ಹತ್ತಿರದವು ಅಮೆರಿಕ ಖಂಡಗಳ ದೈತ್ಯ ಮರಕುಟಿಗಗಳಾದ ಕ್ಯಾಂಪೆಫಿಲಸ್ ಗುಂಪು. ಅಂದರೆ ನಿಮ್ಮ ತೋಟದ ಗ್ರೇಟರ್‌ಗೆ ಅದೇ ತೋಟದ ಕಾಮನ್‌ಗಿಂತ ಅಮೆರಿಕದ ಐವರಿ-ಬಿಲ್ಡ್ ಮರಕುಟಿಗ ಹತ್ತಿರದ ಸಂಬಂಧಿ. ಹೊಂಬೆನ್ನು, ಮೀಸೆ, ಕೆಂಪು ಜುಟ್ಟು ಎರಡು ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿ ಬಂದಿವೆ.

ಶ್ರೀಲಂಕಾಕ್ಕೆ ಹೋದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಡೈನೋಪಿಯಮ್ ಕುಲದ ಒಂದು ಹಕ್ಕಿಯ ಬೆನ್ನು ಕಡುಗೆಂಪು. ಅದೇ ದ್ವೀಪದ ಕ್ರೈಸೊಕೊಲಾಪ್ಟಿಸ್ ಹಕ್ಕಿಯ ಬೆನ್ನೂ ಕಡುಗೆಂಪು. ಹೊನ್ನಿನ ಬಣ್ಣದ ಕಡೆ ಎರಡೂ ಹೊನ್ನು, ಕೆಂಪಿನ ಕಡೆ ಎರಡೂ ಕೆಂಪು. ಜೊತೆಯಲ್ಲಿ ಬಾಳುವ ದೂರದ ನೆಂಟರು ಒಂದೇ ವೇಷಕ್ಕೆ ಬರುತ್ತಾರೆ. 2019ರಲ್ಲಿ ಪ್ರಪಂಚದ ಮರಕುಟಿಗಗಳ ಗರಿಯ ಬಣ್ಣಗಳನ್ನು ಹೋಲಿಸಿದ ಅಧ್ಯಯನವೊಂದು, ಒಂದೇ ಜಾಗದಲ್ಲಿ ಬಾಳುವ ಜಾತಿಗಳು ನಿರೀಕ್ಷೆಗಿಂತ ಜಾಸ್ತಿ ಹೋಲುತ್ತವೆ ಎಂದು ತೋರಿಸಿತು. ಕಾರಣ ಏನಿರಬಹುದು ಎಂಬುದಕ್ಕೆ ರಿಚರ್ಡ್ ಪ್ರಮ್ ಎಂಬ ಪಕ್ಷಿವಿಜ್ಞಾನಿ 2014ರಲ್ಲಿ ಒಂದು ಊಹೆ ಮುಂದಿಟ್ಟರು. ದೊಡ್ಡ ಹಕ್ಕಿ ತನ್ನದೇ ಜಾತಿಯದ್ದು ಎಂದು ಮೋಸಹೋದರೆ ಸಣ್ಣ ಹಕ್ಕಿಗೆ ಬೀಳುವ ಪೆಟ್ಟು ಕಡಿಮೆ, ಆಹಾರ ಹೆಚ್ಚು. ಹಕ್ಕಿಗಳೇ ಪರಸ್ಪರ ಗುರುತಿಸಲು ತಡವರಿಸಬಹುದು ಎನ್ನುವ ಈ ವಿಚಾರ ಇನ್ನೂ ಚರ್ಚೆಯಲ್ಲಿದೆ. ನೀವು ಗೊಂದಲಪಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಎರಡನೆಯ ಹಕ್ಕಿಗೆ ಏನು ಮಾಡುವುದು?

ಕೂಗು ಹಾಕಿ ಕರೆಸುವುದು ಬೇಡ ಎಂದೇ ನನ್ನ ಅಭಿಪ್ರಾಯ. ಅದು ಕೆಲಸ ಮಾಡುತ್ತದೆ, ಅದೇ ಸಮಸ್ಯೆ. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಬೇರೆಯವನು ಬಂದ ಎಂದುಕೊಳ್ಳುತ್ತದೆ. ತಿನ್ನುವುದು ಬಿಟ್ಟು, ಗೂಡಿನಲ್ಲಿ ಮೊಟ್ಟೆ ಮರಿ ಇದ್ದರೆ ಅದನ್ನೂ ಬಿಟ್ಟು ಬರುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಇದು ನೇರವಾಗಿ ಮರಿಗಳ ಮೇಲೆ ಬೀಳುವ ಹೊರೆ. ಇನ್ನೊಂದು ಅಡ್ಡಿಯೂ ಇದೆ. ನೀವು ಗ್ರೇಟರ್‌ನ ಕೂಗು ಹಾಕಿದಾಗ ಬಂದ ಹಕ್ಕಿ ಗ್ರೇಟರೇ ಆಗಿರಬೇಕೆಂದಿಲ್ಲ. ಇವೆಲ್ಲದರ ಕೂಗೂ ವೇಗವಾಗಿ ಉರುಳುವ ಗಟ್ಟಿ ದನಿಗಳು. ಬೇರೆ ಜಾತಿ ಕೂಡ ನೋಡಲು ಬರಬಹುದು. ಕೂಗು ಮಾತ್ರ ಕೇಳಿ ಹೆಸರು ಬರೆಯುವುದನ್ನೂ ನಾನು ಒಪ್ಪುವುದಿಲ್ಲ, ನಾಲ್ಕನ್ನೂ ಆ ಜಾಗದಲ್ಲೇ ಕೇಳಿ ಪಳಗಿದ ಕಿವಿ ಇದ್ದರೆ ಬೇರೆ ಮಾತು.

ಗೂಡಿನ ಪೊಟರೆ ಹುಡುಕಿ ಅದರ ಮುಂದೆ ಕಾಯುವವರೂ ಇದ್ದಾರೆ. ಅಲ್ಲಿ ಹಕ್ಕಿ ಖಂಡಿತ ಸಿಗುತ್ತದೆ. ಆದರೆ ಮನುಷ್ಯರು ಹತ್ತಿರ ನಿಂತರೆ ಅಪ್ಪ ಅಮ್ಮ ಊಟ ಕೊಡಲು ಬರುವುದನ್ನು ತಡಮಾಡುತ್ತವೆ. ಗೂಡಿಗೆ, ಮೊಟ್ಟೆಗೆ ಹಾನಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ತೋಟದ ಒಣಮರದಲ್ಲಿ ಪೊಟರೆ ಕಂಡರೆ ದೂರದಿಂದ ನೋಡಿ, ಮರವನ್ನು ಕಡಿಯದೆ ಬಿಡಿ. ಅದರಿಂದ ಮರಕುಟಿಗಕ್ಕೆ ಮಾತ್ರವಲ್ಲ, ಆಮೇಲೆ ಅದೇ ಪೊಟರೆಯಲ್ಲಿ ಗೂಡು ಮಾಡುವ ಗಿಳಿ, ಮೈನಾಗಳಿಗೂ ಜಾಗ ಉಳಿಯುತ್ತದೆ.

ಆ್ಯಪ್ ಬಿಡಬೇಡಿ, ಆದರೆ ಅದು ಕೊಡುವುದು ಸಲಹೆ ಎಂದು ನೆನಪಿಡಿ. ಅದಕ್ಕೆ ಕೊಟ್ಟ ಫೋಟೊದಲ್ಲಿ ಹೊಂಬೆನ್ನು ಮಾತ್ರ ದೊಡ್ಡದಾಗಿ ಕಂಡರೆ ಹೆಚ್ಚು ಸಾಮಾನ್ಯವಾದ ಹೆಸರು ಮೇಲೆ ಬರುವುದು ಸಹಜ. ಅದು ಹೆಸರು ಹೇಳಿದ ಮೇಲೆ ಆ ಜಾತಿಯ ಹಿಂಗತ್ತು, ಮುಖ, ಹೆಣ್ಣಿನ ತಲೆ ನಿಮ್ಮ ಫೋಟೊಗೆ ಹೊಂದುತ್ತವೆಯೇ ನೋಡಿ. ಒಂದು ಗುರುತು ಖಚಿತವಾಗಿ ವಿರುದ್ಧ ಇದ್ದರೂ ಆ ಹೆಸರು ಬಿಡಿ.

ಒಳ್ಳೆಯ ದಾರಿ ಕಾಯುವುದು. ಮರಕುಟಿಗ ಒಂದು ಕಾಂಡದಲ್ಲಿ ಮೇಲೆ ಹತ್ತುತ್ತಾ ಹೋಗಿ, ಮುಗಿದ ಮೇಲೆ ಮುಂದಿನ ಮರದ ಕೆಳಭಾಗಕ್ಕೆ ಹಾರುವುದು ಸಾಮಾನ್ಯ. ನೀವು ಅದರ ಹಿಂದೆ ಓಡಬೇಡಿ, ಮುಂದಿನ ಮರದ ಹತ್ತಿರ ಸುಮ್ನೆ ನಿಂತಿರಿ. ಬೆಳಕು ನಿಮ್ಮ ಬೆನ್ನ ಹಿಂದಿರಲಿ. ಹಾರುವ ಕ್ಷಣಕ್ಕೆ ಮುಂಚೆಯೇ ಸತತ ಫೋಟೊ ತೆಗೆಯಲು ಶುರು ಮಾಡಿ. ರೆಕ್ಕೆ ಬಿಚ್ಚಿದಾಗಲೇ ಬಾಲದ ಬುಡದ ಬಣ್ಣ ಸಿಗುವುದು. ಚಿತ್ರ ಕದಲಿದ್ದರೂ ಪರವಾಗಿಲ್ಲ, ಕೆಂಪೋ ಕಪ್ಪೋ ಗೊತ್ತಾದರೆ ಸಾಕು. ಆಮೇಲೆ ಅದು ತಲೆ ಬಾಗಿಸಿ ಕುಟ್ಟುವಾಗ ಹಿಂದಿನಿಂದ ಒಂದು ಫೋಟೊ ತೆಗೆಯಿರಿ. ಸುಂದರವಾದ ಚಿತ್ರ ಆಗದು, ಆದರೆ ಹಿಂಗತ್ತು ಅಷ್ಟು ಚೆನ್ನಾಗಿ ಬೇರೆ ಯಾವಾಗಲೂ ಸಿಗುವುದಿಲ್ಲ. ಬಿಸಿಲಲ್ಲಿ ಬಿಳಿ ಭಾಗಗಳು ಸುಟ್ಟಂತೆ ಬರದಿರಲು ಚಿತ್ರವನ್ನು ಸ್ವಲ್ಪ ಕತ್ತಲಾಗಿಯೇ ತೆಗೆಯಿರಿ. ಮೀಸೆಯ ಸೀಳು ಅತಿ ಬೆಳಕಿನಲ್ಲೂ ಅಳಿಸಿಹೋಗುತ್ತದೆ.

ಅಲ್ಲಿಯವರೆಗೆ ಎರಡನೆಯ ಹಕ್ಕಿಯನ್ನು ಇಬರ್ಡ್‌ನಲ್ಲಿ ಜಾತಿ ಖಚಿತವಿಲ್ಲದ ಮರಕುಟಿಗ ಎಂಬ ನಮೂದಿನಲ್ಲಿ ಹಾಕಿ. ಇದರಲ್ಲಿ ಸಂಕೋಚ ಬೇಡ. ಘಟ್ಟದಲ್ಲಿ ಯಾವ ಜಾತಿ ಎಲ್ಲಿದೆ ಎಂದು ಮುಂದೆ ಯಾರಾದರೂ ನಕ್ಷೆ ಮಾಡುವಾಗ ಇಂಥ ನಮೂದಿನಿಂದ ತೊಂದರೆ ಇಲ್ಲ. ಊಹಿಸಿ ಬರೆದ ಹೆಸರಿನಿಂದ ತೊಂದರೆ ಇದೆ, ಏಕೆಂದರೆ ಅದು ಊಹೆ ಎಂದು ನಕ್ಷೆಯಲ್ಲಿ ಕಾಣುವುದಿಲ್ಲ. ಮೊದಲನೆಯದನ್ನು ಪಟ್ಟಿಯಲ್ಲಿರುವಂತೆ ಗ್ರೇಟರ್ ಅಥವಾ ಮಲಬಾರ್ ಎಂದೇ ಹಾಕಿ, ಫೋಟೊ ಸೇರಿಸಿ. ಟಿಪ್ಪಣಿಯಲ್ಲಿ "ಹೆಣ್ಣು, ಕಪ್ಪು ತಲೆಯಲ್ಲಿ ದುಂಡು ಬಿಳಿ ಚುಕ್ಕೆ, ಎರಡಾಗಿ ಸೀಳಿದ ಮೀಸೆ, ತಿಳಿ ಕಣ್ಣು, ಬಾಲದ ಬುಡ ಕಾಣಲಿಲ್ಲ" ಎಂದು ಬರೆಯಿರಿ. ಆ ಕೊನೆಯ ಮೂರು ಪದ ಬಿಡಬೇಡಿ. ಎರಡನೆಯ ಹಕ್ಕಿ ಮತ್ತೆ ಬಂದು ಕತ್ತೋ ಬಾಲದ ಬುಡವೋ ಸಿಕ್ಕಿದರೆ ಫೋಟೊ ಕಳಿಸಿ, ಖುಷಿಯಿಂದ ನೋಡುತ್ತೇನೆ.